ಚುಕ್ಕಿ ಇಲ್ಲದ ಮೂರು ಅಕ್ಷರ

ಅವನನ್ನು ನೋಡುವ ಮೊದಲೇ ನನಗೆ ಅವನ ಮೇಲೆ ಕೋಪ ಬಂದಿತ್ತು. ಕಾರಣ ಒಂದು ಇಮೇಲ್. ಅದರಲ್ಲಿದ್ದದ್ದು ನಾಲ್ಕೇ ಸಾಲು: ಮಾವ ತೀರಿಕೊಂಡಿದ್ದಾರೆ, ಅವರ ವಿಡಿಯೋ ಅಂಗಡಿಯ ಒಂಬೈನೂರ ನಲವತ್ತು ಸಿನಿಮಾಗಳನ್ನು ತೆಗೆದುಕೊಳ್ಳಲು ನಿಮ್ಮ ಲೈಬ್ರರಿ ಒಪ್ಪಿದೆ, ಪಟ್ಟಿ ಮಾಡಲು ಯಾವಾಗ ಬರುತ್ತೀರಿ, ಬೇಗ ತಿಳಿಸಿ. ಆದರೆ ಇಡೀ ಪತ್ರ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿತ್ತು. ಹುಡುಕಿದರೂ ಒಂದು ಚಿಕ್ಕಕ್ಷರ ಸಿಗಲಿಲ್ಲ. ಓದುತ್ತಿದ್ದರೆ ಯಾರೋ ಬಾಗಿಲಲ್ಲಿ ನಿಂತು ಗದರಿಸುತ್ತಿರುವ ಹಾಗಿತ್ತು.

ನಾನು ಲೈಬ್ರರಿಯ ಕ್ಯಾಟಲಾಗರ್. ಪುಸ್ತಕ, ನಕ್ಷೆ, ಸಿನಿಮಾ ಏನೇ ಬರಲಿ, ಅದರ ಹೆಸರನ್ನು ಸರಿಯಾಗಿ ಬರೆದು ಸರಿಯಾದ ಜಾಗದಲ್ಲಿ ಇಡುವುದು ನನ್ನ ಕೆಲಸ. ಅಕ್ಷರ ದೊಡ್ಡದೋ ಚಿಕ್ಕದೋ ಎಂದು ತಲೆ ಕೆಡಿಸಿಕೊಳ್ಳುವುದಕ್ಕೇ ನನಗೆ ಸಂಬಳ. ಹಾಗಾಗಿ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹೋದೆ. ಅಂಗಡಿಗೆ ಕಾಲಿಟ್ಟವಳೇ ಹೇಳಿಬಿಟ್ಟೆ.

"ನೋಡಿ, ನನ್ನ ಹತ್ರ ಕಿರುಚೋ ಅಗತ್ಯ ಇಲ್ಲ."

ಅವನು ಏಣಿಯ ಮೇಲಿದ್ದ. ಗಲ್ಲದವರೆಗೂ ಡಿಸ್ಕ್ ಡಬ್ಬಿಗಳನ್ನು ಪೇರಿಸಿಕೊಂಡು, ಕೆಳಗೆ ನೋಡಲೂ ಆಗದೆ, ಮೇಲೆ ಇಡಲೂ ಆಗದೆ ನಿಂತಿದ್ದ.

"ನಾನಿನ್ನೂ ಬಾಯೇ ಬಿಟ್ಟಿಲ್ವಲ್ಲ ಮೇಡಂ," ಅಂದ, ಬಹಳ ಮೆಲ್ಲಗೆ.

ಇಮೇಲಿನ ವಿಷಯ ಹೇಳಿದೆ. ಅವನು ಗಲ್ಲದಿಂದಲೇ ಮೇಜಿನ ಮೇಲಿದ್ದ ಕೀಬೋರ್ಡ್ ತೋರಿಸಿದ. ಅದರ ಮೇಲೆ ಎಂದೋ ಟೀ ಚೆಲ್ಲಿ ಕ್ಯಾಪ್ಸ್ ಲಾಕ್ ಕೀ ಒಳಗೇ ಅಂಟಿಕೊಂಡಿತ್ತಂತೆ. ಅಂದಿನಿಂದ ಅವನು ಏನು ಬರೆದರೂ ದೊಡ್ಡದೇ. ಕರೆಂಟ್ ಆಫೀಸಿನವರೂ ಒಮ್ಮೆ ಫೋನ್ ಮಾಡಿ, ಸಮಾಧಾನ ಮಾಡ್ಕೊಳ್ಳಿ ಸರ್ ಅಂದಿದ್ದರಂತೆ. ನನಗೆ ನಗು ಬಂತು, ನುಂಗಿಕೊಂಡೆ. ಜಗಳಕ್ಕೆಂದು ಬಂದವಳು ಐದೇ ನಿಮಿಷದಲ್ಲಿ ನಕ್ಕುಬಿಟ್ಟರೆ ಮರ್ಯಾದೆ ಏನಾಗಬೇಕು?

ಕೀಬೋರ್ಡಿನದು ಸಣ್ಣ ತೊಂದರೆ. ದೊಡ್ಡ ತೊಂದರೆ ಕಪಾಟುಗಳಲ್ಲಿತ್ತು. ಅವನ ಸೋದರಮಾವ ಮೂವತ್ತು ವರ್ಷ ಪ್ರತಿ ಡಬ್ಬಿಯ ಬೆನ್ನಿಗೂ ಬಿಳಿ ಪಟ್ಟಿ ಅಂಟಿಸಿ, ಕಪ್ಪು ಮಾರ್ಕರಿನಲ್ಲಿ ಸಿನಿಮಾದ ಹೆಸರು ಬರೆದಿದ್ದರು. ದೂರದಿಂದ ಕಾಣಲಿ ಎಂದು ಅವರೂ ಬರೀ ದೊಡ್ಡಕ್ಷರದಲ್ಲೇ ಬರೆದಿದ್ದರು. ನಮ್ಮ ಲೈಬ್ರರಿಯ ನಿಯಮ ಬೇರೆ. ಹೆಸರು ಮಾಮೂಲಿ ಪದವಾಗಿದ್ದರೆ ಮೊದಲನೆಯದೊಂದೇ ದೊಡ್ಡಕ್ಷರ, ಉಳಿದವು ಚಿಕ್ಕವು. ಹಲವು ಪದಗಳ ಮೊದಲಕ್ಷರ ಕೂಡಿ ಆದ ಸಂಕ್ಷೇಪವಾಗಿದ್ದರೆ ಮಾತ್ರ ಎಲ್ಲವೂ ದೊಡ್ಡವು. ಮಾವನ ಕಪಾಟಿನಲ್ಲಿ ಯಾವುದು ಪದ, ಯಾವುದು ಸಂಕ್ಷೇಪ ಎಂದು ಹೇಳಲು ಮಾವನೇ ಎದ್ದು ಬರಬೇಕಿತ್ತು.

ಮೊದಲ ದಿನವೇ ಎಡವಿದೆ. ಒಂದು ಡಬ್ಬಿಯ ಮೇಲೆ LADLE ಎಂದಿತ್ತು. ಲೇಡಲ್ ಅಂದರೆ ಸೌಟು ತಾನೇ? ಎಲ್ ಮಾತ್ರ ದೊಡ್ಡದು ಮಾಡಿ, ಉಳಿದದ್ದು ಚಿಕ್ಕದು ಮಾಡಿ, ವಿಷಯದ ಕಾಲಮಿನಲ್ಲಿ 'ಅಡುಗೆ' ಎಂದು ಬರೆದೆ. ಮರುದಿನ ಅವನು ಅದನ್ನು ಓದಿ, ಹೊಟ್ಟೆ ಹಿಡಿದುಕೊಂಡು ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಅದು ಪತ್ತೇದಾರಿ ಸಿನಿಮಾವಂತೆ. ಆ ಐದಕ್ಷರ ಒಂದು ಗುಪ್ತ ದಳದ ಹೆಸರಂತೆ. ಡಿಸ್ಕ್ ಹಾಕಿ ತೋರಿಸಿದ. ತೆರೆಯ ಮೇಲೆ ಒಂದೊಂದೇ ಅಕ್ಷರ ಮೂಡಿತು, ಪ್ರತಿ ಅಕ್ಷರದ ಪಕ್ಕ ಒಂದು ಗುಂಡು ಹಾರಿ ಚುಕ್ಕಿಯಾಗಿ ನಿಂತಿತು.

"ಎರಡು ಗಂಟೆ ಸಿನಿಮಾ ಮೇಡಂ. ಇದರಲ್ಲಿ ಒಬ್ಬರೂ ನೀರು ಕೂಡ ಕಾಯಿಸಲ್ಲ," ಅಂದ.

ಅಲ್ಲಿಗೆ ಒಂದು ಪದ್ಧತಿ ಮಾಡಿಕೊಂಡೆ. ಡಬ್ಬಿಯ ಬೆನ್ನನ್ನು ನಂಬುವುದಿಲ್ಲ, ಪ್ರತಿ ಸಿನಿಮಾವನ್ನೂ ಹಾಕಿ, ತೆರೆಯ ಮೇಲೆ ಹೆಸರು ಬರುವವರೆಗೆ ನೋಡುತ್ತೇನೆ. ಹೆಸರು ಬಂದ ಕೂಡಲೇ ನಿಲ್ಲಿಸಿ ಬರೆದುಕೊಂಡು ಮುಂದಿನದಕ್ಕೆ ಹೋಗುತ್ತೇನೆ. ಅಕ್ಷರಗಳ ಮಧ್ಯೆ ಚುಕ್ಕಿ ಇದ್ದರೆ ಅದು ಸಂಕ್ಷೇಪ. ಬರೆಯುವಾಗ ಮಾತ್ರ ನಮ್ಮ ನಿಯಮದ ಪ್ರಕಾರ ಚುಕ್ಕಿಗಳನ್ನು ತೆಗೆಯಬೇಕು. ಇದಕ್ಕೆ ಅವನ ತಕರಾರಿತ್ತು.

"ಚುಕ್ಕಿ ತೆಗೆದ್ರೆ ಗುಂಡಿನ ಸದ್ದು ಎಲ್ಲಿಗೆ ಹೋಗುತ್ತೆ?"

"ಕ್ಯಾಟಲಾಗಿಗೆ ಸದ್ದು ಬೇಕಾಗಿಲ್ಲ," ಅಂದೆ.

ಆ ದಿನದಿಂದ ನಾನು ಚುಕ್ಕಿ ಮೇಡಂ ಆದೆ. ಬೇಡ ಅಂತ ಹೇಳಬೇಕಿತ್ತು. ಹೇಳಲಿಲ್ಲ.

ನಾಲ್ಕು ವಾರದ ಕೆಲಸ. ಬೆಳಿಗ್ಗೆ ಹತ್ತಕ್ಕೆ ಹೋದರೆ ಅವನು ಬಾಗಿಲು ತೆರೆದು ಹಿಡಿದು, "ಬ... ಬನ್ನಿ ಚುಕ್ಕಿ ಮೇಡಂ," ಅನ್ನುತ್ತಿದ್ದ. ಆ ಮೊದಲಕ್ಷರದ ಹತ್ತಿರ ಪ್ರತಿದಿನವೂ ಸಣ್ಣಗೆ ತಡವರಿಸುತ್ತಿದ್ದ. ಬೆಳಗಿನ ಹೊತ್ತು ಗಂಟಲು ಕಟ್ಟಿರಬೇಕು ಎಂದುಕೊಂಡೆ. ನನಗಾಗಿ ಇಟ್ಟಿದ್ದ ಸ್ಟೂಲಿನ ಒಂದು ಕಾಲು ಗಿಡ್ಡ. ಎರಡನೇ ದಿನ ಅದರ ಕೆಳಗೆ ರಟ್ಟಿನ ಚೂರು ಬಂತು, ಮೂರನೇ ದಿನ ಮೇಲೆ ಒಂದು ದಿಂಬು. ವಾರ ಕಳೆಯುವಷ್ಟರಲ್ಲಿ ಟೀ ಲೋಟಗಳು ಎರಡಾದವು. ನನ್ನದರ ಹಿಡಿಗೆ ಕಪ್ಪು ಮಾರ್ಕರಿನಲ್ಲಿ ಒಂದು ಚುಕ್ಕಿ ಇಟ್ಟಿದ್ದ, ಅದಲುಬದಲಾಗದಿರಲಿ ಎಂದು.

ಕೆಲವು ಸಿನಿಮಾಗಳು ನಿಮಿಷದಲ್ಲೇ ಹೆಸರು ಹೇಳಿಬಿಡುತ್ತವೆ. ಕೆಲವಕ್ಕೆ ಬಹಳ ಬಿಂಕ. ಹತ್ತು ನಿಮಿಷ ಕಾರು ಓಡಿಸಿ, ಸಮುದ್ರ ತೋರಿಸಿ, ಯಾರನ್ನೋ ಅಳಿಸಿ, ಆಮೇಲೆ ಹೆಸರು ಹೇಳುತ್ತವೆ. ನನಗೆ ದಿನ ಕಳೆದಂತೆ ಬಿಂಕದ ಸಿನಿಮಾಗಳೇ ಇಷ್ಟವಾಗತೊಡಗಿದವು.

ಹೆಸರು ಬರುವ ಮುಂಚೆ ತೆರೆ ಒಮ್ಮೆ ಕಪ್ಪಾಗುತ್ತದಲ್ಲ, ಆಗ ಟಿವಿಯ ಗಾಜಿನಲ್ಲಿ ನಮ್ಮಿಬ್ಬರ ಮುಖ ಕಾಣುತ್ತಿತ್ತು. ನನ್ನದು ಸ್ಟೂಲಿನ ಎತ್ತರದಲ್ಲಿ, ಅವನದು ಸ್ವಲ್ಪ ಹಿಂದೆ. ಒಂದು ದಿನ ಗಾಜಿನಲ್ಲಿ ಅವನ ಕಣ್ಣು ನನ್ನ ಮೇಲಿದ್ದದ್ದು ನೋಡಿದೆ. ನಾನು ಅವನನ್ನು ನೋಡುತ್ತಿದ್ದೆನಲ್ಲ, ಅದಕ್ಕೇ ಕಂಡಿತು. ಇಬ್ಬರೂ ಒಟ್ಟಿಗೆ ಸಿಕ್ಕಿಬಿದ್ದೆವು. ಅಷ್ಟರಲ್ಲಿ ಸಿನಿಮಾದ ಹೆಸರು ಬಂದು ಹೋಗಿ, ಹಿಂದಕ್ಕೆ ಓಡಿಸಿ ಮತ್ತೆ ನೋಡಬೇಕಾಯಿತು. ಎರಡನೇ ಸಲವೂ ತಪ್ಪಿಸಿಕೊಂಡೆವು. ಮೂರನೇ ಸಲ ಅವನೇ ಗಂಭೀರವಾಗಿ ಅಕ್ಷರ ಓದಿ ಹೇಳಿದ. ಅವನ ಕಿವಿ ಕೆಂಪಗಾಗಿತ್ತು.

ನಾನು ಇರುವುದು ಅಕ್ಕನ ಜೊತೆ. ಅಕ್ಕ ಅವನಿಗೆ 'ಕ್ಯಾಪ್ಸ್ ಲಾಕ್' ಎಂದು ಹೆಸರಿಟ್ಟಿದ್ದಳು. ದಿನಾ ಸಂಜೆ, ಕ್ಯಾಪ್ಸ್ ಲಾಕ್ ಬಾಯಿ ಬಿಟ್ಟನಾ ಎಂದು ಕೇಳುತ್ತಿದ್ದಳು. ಯಾವುದರ ಬಗ್ಗೆ ಅಂದರೆ, ಮಳ್ಳಿ ಹಾಗೆ ಆಡಬೇಡ ಅನ್ನುತ್ತಿದ್ದಳು.

ಬಾಯಿ ಬಿಡಬೇಕಾದ ಹೊತ್ತೂ ಬಂತು. ಇನ್ನೊಂದು ಊರಿನ ಲೈಬ್ರರಿಯಿಂದ ನನಗೆ ಕರೆ ಬಂದಿತ್ತು. ಹಳೆಯ ನಕ್ಷೆಗಳ ಪಟ್ಟಿ ಮಾಡುವ ಕೆಲಸ, ಆರು ತಿಂಗಳು, ಇಷ್ಟವಾದರೆ ಅಲ್ಲೇ ಖಾಯಂ. ಆರು ತಿಂಗಳಿಗೋ ಖಾಯಂ ಆಗಿಯೋ ಎಂದು ಶನಿವಾರ ಸಂಜೆಯೊಳಗೆ ತಿಳಿಸಬೇಕು. ಶನಿವಾರವೇ ಅಂಗಡಿಯ ಪಟ್ಟಿಯೂ ಮುಗಿಯುತ್ತಿತ್ತು. ಸೋಮವಾರ ಅವನಿಗೆ ಹೇಳಿದೆ. ಅವನು ಕೈಯಲ್ಲಿದ್ದ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಒಳ್ಳೆ ಕೆಲಸ ಅಲ್ವಾ," ಅಂದ.

ಅಷ್ಟೇ. ನನಗೆ ಬೇಕಾಗಿದ್ದದ್ದು ದೊಡ್ಡ ಮಾತೇನಲ್ಲ. ಬನ್ನಿ, ಹೋಗಿ, ಕೂತ್ಕೊಳ್ಳಿ ಎಂಬ ಆ ಬಹುವಚನ ಒಂದು ಸಲ ಜಾರಿ ಬಿದ್ದಿದ್ದರೂ ಸಾಕಿತ್ತು. ನಾನಾದರೂ ಮೊದಲು ಹೇಳಬಹುದಿತ್ತಲ್ಲ ಎಂದು ಅಕ್ಕ ಕೇಳಿದಳು. ಹೇಳಬಹುದಿತ್ತು. ಆದರೆ ನಾನು ಅವನನ್ನು ಪ್ರೀತಿಸುತ್ತಿದ್ದೆ, ಹಾಗಾಗಿ ಭಯವಿತ್ತು. ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿಕೊಂಡೆ: ಕೊನೆಯ ಡಿಸ್ಕ್ ಮುಗಿಯುವುದರೊಳಗೆ ಅವನು ಏನಾದರೂ ಹೇಳಿದರೆ ಆರು ತಿಂಗಳಿಗೆ ವಾಪಸ್ ಬರುತ್ತೇನೆ. ಇಲ್ಲದಿದ್ದರೆ ಅಲ್ಲೇ ಖಾಯಂ. ನಕ್ಷೆಗಳಾದರೂ ದಾರಿ ತೋರಿಸುತ್ತವೆ.

ಶನಿವಾರ ಮಧ್ಯಾಹ್ನ ಒಂಬೈನೂರ ನಲವತ್ತನೆಯದು ಮುಗಿಯಿತು. ಅವನು ಏನೂ ಹೇಳಲಿಲ್ಲ. ಪೆನ್ನು ಮುಚ್ಚಿದೆ.

"ಪಟ್ಟಿಯಲ್ಲಿ ಇಲ್ಲದ್ದು ಇನ್ನೊಂದಿದೆ," ಅಂದ, ನನ್ನ ಮುಖ ನೋಡದೆ. ಒಂದು ಡಬ್ಬಿ ಕೊಟ್ಟ. ಬೆನ್ನ ಮೇಲೆ ಮೂರೇ ಅಕ್ಷರವಿತ್ತು: BAA.

"ಇದನ್ನ ನೀವೊಬ್ಬರೇ ನೋಡಿ. ನಾನು ಆಚೆ ಇರ್ತೀನಿ."

ಹೇಳಿ ಹೊರಗೆ ಹೋಗಿಬಿಟ್ಟ. ನಾಲ್ಕು ವಾರದಲ್ಲಿ ಅವನು ಒಂದು ಸಿನಿಮಾದ ಹೆಸರಿಗೂ ಎದ್ದು ಹೋದವನಲ್ಲ. ಕೊನೆಯದಕ್ಕೆ ಜೊತೆಯಲ್ಲಿ ಕೂರಲೂ ಅವನಿಗೆ ಬೇಡವಾಯಿತೇ ಎಂದುಕೊಂಡೆ. ಡಿಸ್ಕ್ ಹಾಕಿದೆ. ಕಪ್ಪು ತೆರೆಯ ಮೇಲೆ ಅದೇ ಮೂರು ಬಿಳಿ ಅಕ್ಷರ ಬಂದವು. ನಡುವೆ ಚುಕ್ಕಿ ಇರಲಿಲ್ಲ. ಒಂಬೈನೂರ ನಲವತ್ತು ಸಲ ಅದನ್ನೇ ಮಾಡಿದ್ದ ನನ್ನ ಹೆಬ್ಬೆರಳು, ಹೆಸರು ಕಂಡ ತಕ್ಷಣ ನಿಲ್ಲಿಸುವ ಗುಂಡಿ ಒತ್ತಿತು.

ಇಂಗ್ಲಿಷ್ ನಿಘಂಟು ತೆಗೆದು ನೋಡಿದೆ. ಕುರಿ ಕೂಗುವ ಸದ್ದು ಎಂದಿತ್ತು. ಮಾವನ ಕಪಾಟಿನಲ್ಲಿ ಪೊಲೀಸರು, ಕಳ್ಳರು, ಭೂತಗಳು ಇದ್ದವು. ಕುರಿ ಇರಲಿಲ್ಲ. ಹಾಗಾದರೆ ಚುಕ್ಕಿ ಇಲ್ಲದಿದ್ದರೂ ಸಂಕ್ಷೇಪವೇ ಇರಬೇಕು. ಮೂರನ್ನೂ ದೊಡ್ಡದಾಗಿಯೇ ಬರೆದು, ಪಕ್ಕದಲ್ಲಿ ನನ್ನ ದುಂಡಗಿನ ಅಕ್ಷರದಲ್ಲಿ ಸೇರಿಸಿದೆ: 'ಸಂಕ್ಷೇಪ. ಪೂರ್ಣ ರೂಪ ತಿಳಿದುಬಂದಿಲ್ಲ.'

ಓದುತ್ತಿರುವ ನಿಮಗೆ ಇಷ್ಟು ಹೊತ್ತಿಗೆ ತಿಳಿದಿರಬಹುದು. ನನಗೆ ತಿಳಿಯಲಿಲ್ಲ. ನನ್ನ ಕೆಲಸವೇ ಅಕ್ಷರ, ಅದೇ ಕಣ್ಣಿಗೆ ಕಟ್ಟಿದ್ದ ಪಟ್ಟಿ.

ಹೊರಗೆ ಬಂದೆ. ಅವನು ಅಂಗಡಿಯ ಗಾಜು ಒರೆಸುತ್ತಿದ್ದ. ಆಗಲೇ ಥಳಥಳ ಹೊಳೆಯುತ್ತಿದ್ದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

"ನೋಡಿದ್ರಾ?"

"ನೋಡಿದೆ."

"ಏನಂತ ಬರೆದ್ರಿ?"

"ಅರ್ಥ ಗೊತ್ತಾಗಲಿಲ್ಲ ಅಂತ ಬರೆದೆ."

ಅವನ ಕೈಯಲ್ಲಿದ್ದ ಬಟ್ಟೆ ಗಾಜಿನ ಮೇಲೇ ನಿಂತಿತು. ಮುಖ ಸಪ್ಪಗಾಯಿತು. ಯಾಕೆಂದು ಕೇಳಬೇಕಿತ್ತು. ಬೇಸರವಾಗಿದ್ದದ್ದು ನನಗೆ ಎಂಬ ಜಂಬದಲ್ಲಿ ಕೇಳಲಿಲ್ಲ.

"ಸರಿ," ಅಂದ. "ಹೋಗಿ ಬನ್ನಿ ಮೇಡಂ."

ಚುಕ್ಕಿಯನ್ನೂ ಬಿಟ್ಟುಬಿಟ್ಟಿದ್ದ.

ಲೈಬ್ರರಿಗೆ ಹೋಗಿ ಪಟ್ಟಿ ಒಪ್ಪಿಸಿದೆ. ಸೋಮವಾರ ವ್ಯಾನ್ ಕಳಿಸಿ ಡಬ್ಬಿಗಳನ್ನು ತರಿಸುತ್ತೇವೆ ಅಂದರು. ನನ್ನ ಮೇಜಿನ ಮುಂದೆ ಕೂತು ಆ ಇನ್ನೊಂದು ಊರಿಗೆ ಪತ್ರ ಬರೆಯತೊಡಗಿದೆ. ಖಾಯಂ ಆಗಿ ಬರಲು ಒಪ್ಪಿಗೆ ಇದೆ ಎಂದು ಬರೆದದ್ದೂ ಆಯಿತು. ಕಳಿಸುವುದೊಂದೇ ಬಾಕಿ. ಅಷ್ಟರಲ್ಲಿ ಫೋನ್ ಟಿಂಗ್ ಅಂದಿತು. ಅಕ್ಕ. ಅವಳು ಯಾವಾಗಲೂ ನಮ್ಮ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವಳು, ಸಿಟ್ಟು ಬಂದರೆ ದೊಡ್ಡಕ್ಷರಕ್ಕೆ ಹೋಗುವವಳು. ಮನೆಯ ಬೀಗದ ಕೈ ನನ್ನ ಚೀಲದಲ್ಲೇ ಉಳಿದು, ಅವಳು ಬಾಗಿಲ ಹೊರಗೆ ನಿಂತಿದ್ದಳು.

bega BAA

ಬೇಗ ಬಾ.

ನಾನು ಆ ಮೂರು ಅಕ್ಷರ ನೋಡಿದೆ. ಮತ್ತೆ ನೋಡಿದೆ. ಅದು ಸಂಕ್ಷೇಪವೂ ಅಲ್ಲ, ಕುರಿಯೂ ಅಲ್ಲ. ಹುಟ್ಟಿದಾಗಿನಿಂದ ಮನೆಯವರೆಲ್ಲ ನನ್ನನ್ನು ಕರೆದ ಮಾತು. ನಾಲ್ಕು ವಾರ ಬಾಗಿಲು ಹಿಡಿದು ಬನ್ನಿ, ಬನ್ನಿ ಅಂದವನು ಕೊನೆಗೂ ಬಹುವಚನ ಬಿಟ್ಟು ಒಂದು ಮಾತು ಹೇಳಿದ್ದ. ನಾನು ಅವನ ಎದುರಿಗೇ ನಿಂತು, ಅರ್ಥ ಗೊತ್ತಾಗಲಿಲ್ಲ ಅಂದಿದ್ದೆ. ಅದನ್ನು ಸರ್ಕಾರಿ ಕಾಗದದಲ್ಲಿ ಬರೆದೂ ಕೊಟ್ಟಿದ್ದೆ.

ಪತ್ರ ಕಳಿಸಲಿಲ್ಲ. ಪಕ್ಕದ ಮನೆಯಲ್ಲಿ ಸ್ವಲ್ಪ ಹೊತ್ತು ಕೂತಿರು ಎಂದು ಅಕ್ಕನಿಗೆ ತಿಳಿಸಿ, ಅಂಗಡಿಯ ಕಡೆ ಓಡಿದೆ. ಮೂರು ಬೀದಿ, ಒಂದು ಸೇತುವೆ, ಒಂದು ಸಿಗ್ನಲ್. ಸಿಗ್ನಲ್ಲಿನಲ್ಲಿ ನಿಲ್ಲಬೇಕಾಗಿ ಬಂದಾಗ ಅಳು ಬಂತು. ಪಕ್ಕದಲ್ಲಿದ್ದ ಹೆಂಗಸು, ಈಗ ಹಸಿರು ಬರುತ್ತಮ್ಮ ಎಂದು ಸಮಾಧಾನ ಮಾಡಿದರು.

ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ಅವನು ಪ್ಲೇಯರಿನ ವೈರ್ ಸುತ್ತುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ, ವೈರ್ ಕೈಯಲ್ಲೇ ಇತ್ತು.

"ಕೊನೇ ಡಿಸ್ಕ್ ಕೊಡಿ," ಅಂದೆ, ಏದುಸಿರು ಬಿಡುತ್ತಾ. "ಪಟ್ಟಿಯಲ್ಲಿ ತಪ್ಪಾಗಿದೆ."

"ಏನ್ ತಪ್ಪು?"

"ಹೆಸರು ಬಂದ ಕೂಡ್ಲೇ ನಿಲ್ಲಿಸಿಬಿಟ್ಟೆ. ನಾನು ಮುಂದೆ ನೋಡಿಲ್ಲ."

ಅವನು ನನ್ನನ್ನೇ ನೋಡಿದ. ನಾನು ನೋಡಿ ಬೇಡವೆಂದಿರಲಿಲ್ಲ, ನೋಡೇ ಇರಲಿಲ್ಲ ಎಂಬುದು ಅವನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಸುತ್ತಿದ್ದ ವೈರನ್ನು ಬಿಚ್ಚತೊಡಗಿದ. ನಾನೇ ಪ್ಲಗ್ ಹಾಕಿದೆ.

ಮೂರು ನಿಮಿಷದ ಸಿನಿಮಾ, ಫೋನಿನಲ್ಲಿ ತೆಗೆದದ್ದು. ಗಿಡ್ಡ ಕಾಲಿನ ಸ್ಟೂಲ್, ಅದರ ಕೆಳಗಿನ ರಟ್ಟು. ಎರಡು ಲೋಟ, ಒಂದರ ಹಿಡಿಯಲ್ಲಿ ಚುಕ್ಕಿ. ಹತ್ತಕ್ಕೆ ಐದು ನಿಮಿಷವಿದ್ದ ಗೋಡೆ ಗಡಿಯಾರ. ಬಾಗಿಲ ಒಳಗಿನಿಂದ ಕಾಣುವ ಬೀದಿ. ಅವನು ದಿನಾ ನಿಂತು ಕಾಯುತ್ತಿದ್ದ ಜಾಗ ಅದು. ಆಮೇಲೆ ಹಿಂದಿನ ಕೋಣೆ. ಅಲ್ಲಿ ತುಂಬಿದ್ದ ಹಳೆಯ ಸಾಮಾನೆಲ್ಲ ಹೋಗಿ, ಗೋಡೆಗೆ ಬಿಳಿ ಬಣ್ಣ ಬಂದಿತ್ತು. ಎದುರಿಗೆ ಇಪ್ಪತ್ತು ಕುರ್ಚಿಗಳಿದ್ದವು. ಮುಂದಿನ ಸಾಲಿನ ಒಂದು ಕುರ್ಚಿಯ ಬೆನ್ನಿಗೆ ಬಿಳಿ ಪಟ್ಟಿ ಅಂಟಿಸಿ, ನಮ್ಮದೇ ಅಕ್ಷರದಲ್ಲಿ 'ಚುಕ್ಕಿ' ಎಂದು ಬರೆದಿತ್ತು.

ನಂತರ ತೆರೆ ಕಪ್ಪಾಯಿತು. ಹಾಗೇ ಉಳಿಯಿತು. ಕೆಟ್ಟುಹೋಯಿತೇನೋ ಅಂದುಕೊಂಡೆ. ಆಗ ಗಾಜಿನಲ್ಲಿ ಎರಡು ಮುಖ ಕಂಡವು, ನನ್ನದು ಮತ್ತು ಸ್ವಲ್ಪ ಹಿಂದೆ ಅವನದು.

"ಕಪ್ಪು ಬಂದಾಗ ನಾನು ಒಳಗೆ ಬಂದು ಹಿಂದೆ ನಿಂತ್ಕೊಳ್ಳೋದು ಅಂತಿತ್ತು," ಅಂದ ಗಾಜಿನಲ್ಲಿದ್ದವನು. "ನೀವು ಅದಕ್ಕೆ ಮೊದಲೇ ಆಚೆ ಬಂದ್ರಿ."

"ಕನ್ನಡದಲ್ಲೇ ಬರೆದಿದ್ರೆ ಏನಾಗ್ತಿತ್ತು? ನಮ್ಮಲ್ಲಿ ದೊಡ್ಡದು ಚಿಕ್ಕದು ಅಂತ ರಗಳೆನೇ ಇಲ್ಲ."

"ಬರೆದಿದ್ರೆ ಅರ್ಥ ಆಗಿಬಿಡ್ತಿತ್ತಲ್ಲ. ಆ ಭಯಕ್ಕೇ."

ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿದ. ಮೊದಲ ವಾರದಿಂದಲೇ ಬಾಗಿಲಲ್ಲಿ ನಿಂತು ಏಕವಚನದಲ್ಲಿ ಕರೆಯಬೇಕು ಎಂದು ಪ್ರಯತ್ನಪಟ್ಟಿದ್ದನಂತೆ. ಬಾಯಿ ತೆರೆದಾಗ ಸರಿಯಾಗೇ ಶುರುವಾಗುತ್ತಿತ್ತಂತೆ. ನನ್ನ ಮುಖ ಕಂಡ ಕೂಡಲೇ ಕೊನೆಗೊಂದು 'ನ್ನಿ' ಬಂದು ಸೇರಿಕೊಳ್ಳುತ್ತಿತ್ತಂತೆ. ಗಂಟಲು ಕಟ್ಟಿದ್ದಲ್ಲ ಅದು. ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಅವನು ನನಗೆ ಅರ್ಧ ಮಾತು ಹೇಳುತ್ತಲೇ ಇದ್ದ.

"ನಕ್ಷೆ ಕೆಲಸಕ್ಕೆ ಹೋಗ್ಬೇಡಿ ಅಂತ ಹೇಳ್ತಿಲ್ಲ," ಅಂದ. "ಅದು ನಿಮಗಿಷ್ಟ, ನನಗೊತ್ತು. ಹೋದ್ಮೇಲೆ ವಾಪಸ್ ಬರೋಕೆ ಒಂದು ಜಾಗ ಇದೆ ಅಂತ ಹೇಳ್ಬೇಕಿತ್ತು. ಶನಿವಾರ ಶನಿವಾರ ಲೈಬ್ರರಿಯಿಂದ ತಂದು ಒಂದು ಸಿನಿಮಾ ಹಾಕೋಣ ಅಂತಿದೀನಿ. ಪೂರ್ತಿ ಸಿನಿಮಾ. ನಿಲ್ಲಿಸೋ ಹಾಗಿಲ್ಲ."

ನಾನು ಮೇಜಿನ ಹತ್ತಿರ ಹೋದೆ. ನನ್ನ ಬಳಿ ಉಳಿದಿದ್ದ ಪಟ್ಟಿಯ ಪ್ರತಿ ತೆಗೆದು, ಒಂಬೈನೂರ ನಲವತ್ತೊಂದನೆಯ ಸಾಲನ್ನು ಹೊಡೆದುಹಾಕಿದೆ. ಅದರ ಮೇಲೆ ಹೊಸದಾಗಿ ಬರೆದೆ: Baa. ಬಿ ದೊಡ್ಡದು, ಉಳಿದೆರಡು ಚಿಕ್ಕವು. ಪಕ್ಕದಲ್ಲಿ: 'ಮಾಮೂಲಿ ಪದ. ಅರ್ಥ ಗೊತ್ತಾಗಿದೆ. ಈ ಪ್ರತಿಯನ್ನು ವ್ಯಾನಿಗೆ ಕೊಡತಕ್ಕದ್ದಲ್ಲ.'

ಆಮೇಲೆ ಡ್ರಾಯರಿನಿಂದ ಮಾವನ ಬಿಳಿ ಪಟ್ಟಿ ಒಂದನ್ನು ತೆಗೆದು, ಕಪ್ಪು ಮಾರ್ಕರಿನಲ್ಲಿ ಐದಕ್ಷರ ಬರೆದು ಅವನ ಅಂಗಿಯ ಜೇಬಿಗೆ ಅಂಟಿಸಿದೆ. Bande. ಅವನು ಗಲ್ಲ ಎದೆಗೊತ್ತಿ, ತಲೆಕೆಳಗಾಗಿ ಕಾಣುತ್ತಿದ್ದ ಅಕ್ಷರಗಳನ್ನು ಕಷ್ಟಪಟ್ಟು ನೋಡಿದ.

"ಇದು ಯಾವ ಗುಪ್ತ ದಳ ಮೇಡಂ?"

"ಸಂಕ್ಷೇಪ ಅಲ್ಲ," ಅಂದೆ. "ಜೋರಾಗಿ ಓದು."

ಓದಿ ಅಲ್ಲ, ಓದು. ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಅವನು ತಲೆ ಎತ್ತಿ ನನ್ನ ಮುಖ ನೋಡಿದ, ಈ ಸಲ ಗಾಜಿನಲ್ಲಲ್ಲ.

"ಬಂದೆ," ಎಂದು ಓದಿದ.

"ಹೂಂ," ಅಂದೆ. "ಬಂದೆ ಕಣೋ."